ಬಿಟ್ಟು ಓದಿದ ಸಾಲು

ಕೊನೆಯ ಮಾಮೂಲಿ ದಿನ ಒಂದು ಬುಧವಾರ. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿಕೊಂಡು, ಚೊಚ್ಚಲ ಹೆರಿಗೆಗೆಂದು ಕಲಬುರಗಿಯಿಂದ ಕಮಲಾಪುರದ ತವರಿಗೆ ಬಂದು ವಾರವಾಗಿತ್ತು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಆಸ್ಪತ್ರೆಯ ಫೈಲನ್ನು ನನ್ನ ಕೈಗಿಟ್ಟು, "ಓದಬೇ, ಏನೇನ ಬರದಾರ ಕೇಳ್ತೀನಿ" ಎಂದಳು.

ಅವ್ವನಿಗೆ ಓದು ಬಾರದು. ನಾನು ಮೂರನೇ ಕ್ಲಾಸಿಗೆ ಬಂದಾಗಿನಿಂದ ಮನೆಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವುದು ನನ್ನ ಕೆಲಸ. ಮದುವೆ ಪತ್ರಿಕೆ, ಕರೆಂಟ್ ಬಿಲ್ಲು, ರೇಷನ್ ಕಾರ್ಡಿನ ನೋಟಿಸು. ಬಹಳ ಬೇಗ ಒಂದು ಚಾಳಿಯನ್ನೂ ಕಲಿತೆ. ಅವ್ವನ ಮುಖ ಸಣ್ಣಗಾಗುವಂಥ ಸಾಲು ಬಂದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು. ನನ್ನ ಅಂಕಪಟ್ಟಿಯಲ್ಲಿ ಗಣಿತ ಎಂಬ ವಿಷಯವೇ ಎಷ್ಟೋ ವರ್ಷ ಇರಲಿಲ್ಲ. "ನಿಮ್ಮ ಸಾಲ್ಯಾಗ ಲೆಕ್ಕ ಕಲಸಂಗಿಲ್ಲೇನು?" ಎಂದು ಅವಳು ಒಮ್ಮೆ ಕೇಳಿದಾಗ, "ಮುಂದಿನ ವರ್ಷ ಕಲಸ್ತಾರಂತ" ಎಂದಿದ್ದೆ. ನಂಬಿದಳೋ, ನಂಬಿದಂತೆ ಮಾಡಿದಳೋ ಈಗಲೂ ಹೇಳಲಾರೆ. ಓಣಿಯ ಹೆಂಗಸರೆದುರು ಮಾತ್ರ, "ನನ್ನ ಮಗಳು ಓದಿದ್ರ ರೇಡಿಯೋ ಕೇಳಿದಂಗ ಆಗ್ತದ" ಎನ್ನುತ್ತಿದ್ದಳು.

ಆ ಬುಧವಾರ ರೇಡಿಯೋ ಚೆನ್ನಾಗಿಯೇ ಓದಿತು. ರಕ್ತ ಸರಿ, ಸಕ್ಕರೆ ಸರಿ, ಕೂಸಿನ ತೂಕ ಸರಿ. ಕೊನೆಯ ಹಾಳೆಯಲ್ಲಿ, ಗ್ರೂಪ್ ಬಿ ಸ್ಟ್ರೆಪ್ ಎಂಬ ಸೂಕ್ಷ್ಮಾಣು ಇದೆ ಎಂದಿತ್ತು. ಅದನ್ನು ಬಿಟ್ಟೆ.

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು. "ಇದು ನಿನ್ನ ತಪ್ಪಲ್ಲ ತಂಗಿ, ರೋಗನೂ ಅಲ್ಲ. ಎಷ್ಟೋ ಮಂದಿ ಹೆಣ್ಣಮಕ್ಕಳ ಮೈಯಾಗ ಸುಮ್ಮನ ಇರ್ತದ. ಹೆರಿಗಿಯಾಗ ಕೂಸಿಗೆ ಹತ್ತಬಾರದಂತ ನರಕ್ಕ ಔಷಧ ಕೊಡ್ತೀವಿ. ಹಡಿಯೂಕಿಂತ ಮೊದಲ ಅದಕ್ಕ ನಾಕು ತಾಸರ ಬೇಕು. ನೀರ ಹೋದ್ರ ಬ್ಯಾನಿ ಬರಲಿ ಅಂತ ಕಾಯಬ್ಯಾಡ, ಸೀದಾ ಬಾ." ನಾನು ತಲೆಯಾಡಿಸಿದ್ದೆ. ಆದರೆ ಆ ಪರೀಕ್ಷೆಗೆ ಎಲ್ಲಿಂದ ಮಾದರಿ ತೆಗೆದರು ಎಂದು ಅವ್ವನಿಗೆ ಹೇಗೆ ಹೇಳಲಿ? ಅಲ್ಲಿ ಸೋಂಕು ಎಂದರೆ ಅವಳು ಏನು ತಿಳಿದಾಳು, ಓಣಿ ಏನು ತಿಳಿದೀತು? ಗಂಡನಿಗೂ "ಒಂದು ಇಂಜೆಕ್ಷನ್ ಅದಂತ" ಎಂದಷ್ಟೇ ಹೇಳಿದ್ದೆ.

ಗುರುವಾರ ಬೆಳಿಗ್ಗೆ ನೀರು ಹೋಯಿತು. ನೋವಿರಲಿಲ್ಲ. ಅವ್ವ ಗಾಬರಿಯಾಗಲಿಲ್ಲ. "ಚೊಚ್ಚಲದ್ದು, ಟೈಮ್ ಹಿಡೀತದ. ಎರೀತೀನಿ, ಉಂಡು ಹೋಗೂಣು" ಎಂದು ನೀರು ಕಾಯಲಿಟ್ಟಳು. ಆಮೇಲೆ ಒಲೆಯ ಮುಂದಿನಿಂದ ತಿರುಗಿ, "ಫೈಲಿನ್ಯಾಗ ಲಗೂ ಬಾ ಅಂತ ಏನರ ಬರದಾರೇನು?" ಎಂದು ಕೇಳಿದಳು.

"ಏನಿಲ್ಲವ್ವ" ಎಂದೆ.

ನೋಡಿ, ಕೇಳಬೇಕಾದದ್ದನ್ನೇ ಕೇಳಿದ್ದಳು.

ಮಧ್ಯಾಹ್ನ ನೋವು ಒಮ್ಮೆಲೇ ಬಂತು. ಗಾಡಿ ಸಿಕ್ಕು ಆಸ್ಪತ್ರೆ ಮುಟ್ಟಿದಾಗ ಸಂಜೆ. ಅರ್ಧ ತಾಸಿನಲ್ಲಿ ಹೆರಿಗೆಯಾಯಿತು. ಕಮಲಾಪುರದಿಂದ ಕಲಬುರಗಿ ದೂರವೇನಲ್ಲ. ಔಷಧಕ್ಕೆ ಬೇಕಾದ ಹೊತ್ತನ್ನು ನಾನು ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತ ಕಳೆದಿದ್ದೆ. ಹೆಣ್ಣು ಕೂಸು. ಜೋರಾಗಿ ಅತ್ತಿತು, ಹಾಲು ಕುಡಿಯಿತು. ಮರುದಿನ ಕುಡಿಯುವುದನ್ನು ಬಿಟ್ಟು ಉಸಿರಿಗೊಮ್ಮೆ ನರಳತೊಡಗಿತು. ಶನಿವಾರ ಸಂಜೆ ನರ್ಸ್ ಬಂದು ಹೇಳಿದಾಗ, ಮುಂದಿನ ಹಾಲು ಎಷ್ಟು ಗಂಟೆಗೆ ಎಂದು ನಾನು ಕೇಳಿದೆನಂತೆ. ನನಗೆ ನೆನಪಿಲ್ಲ.

ಹೊತ್ತಿಗೆ ಸರಿಯಾಗಿ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದ್ದು ನೆನಪಿದೆ. "ಖಾತ್ರಿ ಹೇಳಾಕ ಬರಂಗಿಲ್ಲ ತಂಗಿ" ಎಂದು ಕೈ ಹಿಡಿದುಕೊಂಡರು.

ಮೊನ್ನೆ ಅವ್ವನನ್ನು ಕೂಡಿಸಿಕೊಂಡು ಆ ಕೊನೆಯ ಹಾಳೆಯನ್ನು ಪೂರ್ತಿ ಓದಿದೆ. ಮಾದರಿ ಎಲ್ಲಿಯದು ಎಂಬುದನ್ನೂ ಓದಿದೆ.

"ಇಷ್ಟಕ್ಕ ನಾಚಿದಿ? ನಾ ನಾಕು ಹಡದಾಕಿ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ಕೂಸಿನ ಕಾಗದನೂ ಓದು. ಏನೂ ಬಿಡಬ್ಯಾಡ" ಎಂದಳು.

ಓದಿದೆ. ಹುಟ್ಟಿದ ಹೊತ್ತು, ತೂಕ, ಉಸಿರು ನಿಂತ ಹೊತ್ತು.

"ಹೆಸರ ಎಲ್ಲಿ ಬರದಾರ?"

ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು, ಇವರ ಮಗು ಎಂದಿತ್ತು. ತೊಟ್ಟಿಲಿಗೆ ಹಾಕುವ ದಿನದ ತನಕ ನಮ್ಮಲ್ಲಿ ಕೂಸಿಗೆ ಹೆಸರಿಡುವುದಿಲ್ಲ, ನಿಮಗೂ ಗೊತ್ತು. ಅವಳು ಇದ್ದದ್ದು ಮೂರು ದಿನ.

ಅವಳಿಗೆ ಹೆಸರಿಲ್ಲ.