ಯಂತ್ರಕ್ಕೊಂದು ಸೋಮವಾರ

ನಮ್ಮ ನಡುಮನೆಯ ಮೂಲೆಯಲ್ಲಿ ಕೂತಿರುವ ಕಂಪ್ಯೂಟರಿಗೆ ಹೊದಿಸಿರುವುದು ನನ್ನ ಹಳೆಯ ಇಳಕಲ್ ಸೀರೆಯ ಸೆರಗು. ಸೀರೆಯ ಮೈ ಸವೆದರೂ ಸೆರಗು ಗಟ್ಟಿಯಿತ್ತು, ಎಸೆಯಲು ಕೈ ಬರಲಿಲ್ಲ. ನಾಲ್ಕು ಅಂಚು ಮಡಿಚಿ ಹೊಲಿದು ಗವಸು ಮಾಡಿದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆ ಗವಸಿನ ಕೆಳಗೆ ನಡೆಯುವುದನ್ನು ಬಲ್ಲವರ ಹಾಗೆ ವಿವರಿಸಲಾರೆ. ಕಂಡಷ್ಟು ಹೇಳುತ್ತೇನೆ, ಕೂಡ್ರಿ.

ದಾವಣಗೆರೆ ಜಿಲ್ಲೆಯಾದ ಹೊಸತು. ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಸೊಸೆ ಶೈಲ, ಮಂಡಿಪೇಟೆಯ ಅಚ್ಚಿನ ಅಂಗಡಿಗಳಿಗೆ ಲಗ್ನಪತ್ರಿಕೆ, ಕರಪತ್ರಗಳ ಅಕ್ಷರ ಜೋಡಿಸಿ ಕೊಡುತ್ತಿದ್ದಳು. ಹರಿಹರದಲ್ಲಿ ನನ್ನ ಅಕ್ಕ ನೀಲವ್ವನ ಮಗ ರುದ್ರೇಶನೂ ಒಂದು ಕಂಪ್ಯೂಟರು ತಂದಿಟ್ಟುಕೊಂಡಿದ್ದ. ಅವನದು ದುಡಿಮೆಗಲ್ಲ. ಅಕ್ಕನಿಗೆ ಮರೆವು ಹತ್ತಿತ್ತು. ಮೊದಲು ಉಂಡದ್ದು ಮರೆತಳು, ಆಮೇಲೆ ಓಣಿಯವರ ಹೆಸರು ಮರೆತಳು. ಉಳಿದಷ್ಟನ್ನಾದರೂ ಹಿಡಿದಿಡಬೇಕೆಂದು ರುದ್ರೇಶ ಸಂಜೆ ಕೆಲಸದಿಂದ ಬಂದವನೇ ತಾಯಿಯ ಬದಿಗೆ ಕೂತು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಟೈಪು ಮಾಡುತ್ತಿದ್ದ.

ಒಮ್ಮೆ ಕರೆಂಟು ಏರುಪೇರಾಗಿ ಆ ಯಂತ್ರ ಮುನಿಸಿಕೊಂಡಿತು. ರಿಪೇರಿಯಾಗಿ ಬರುವ ತನಕ ಅವನು ಸರಿಯಾಗಿ ಉಣ್ಣಲಿಲ್ಲ. ಬಂದ ಮೇಲೆ ಅವನೂ ಶೈಲಳೂ ಕೂಡಿ ಒಂದು ಏರ್ಪಾಡು ಮಾಡಿದರು. ಬೆಳಗಿನ ಐದಕ್ಕೆ ಹರಿಹರದ ಯಂತ್ರ ತಾನಾಗಿಯೇ ನಮ್ಮ ಫೋನಿಗೆ ಕರೆ ಮಾಡುತ್ತದೆ, ನಮ್ಮದು ತಾನಾಗಿಯೇ ಎತ್ತುತ್ತದೆ. ಎರಡೂ ಒಂದು ಗಳಿಗೆ ಕೀರಲು ದನಿಯಲ್ಲಿ ಜಗಳಾಡಿ ಸುಮ್ಮನಾಗುತ್ತವೆ, ಆಮೇಲೆ ಹಿಂದಿನ ದಿನ ಅಲ್ಲಿ ಏನು ಸೇರಿತೋ, ಏನು ಬದಲಾಯಿತೋ ಅದೆಲ್ಲ ಬಂದು ಇಲ್ಲಿನ ಹಳೆಯದರ ಮೇಲೆ ಕೂಡುತ್ತದೆ, ಹಳೆಯದು ಅಳಿಯುತ್ತದೆ. ಶೈಲಳ ಕೆಲಸದ ಪ್ರತಿ ಹಾಗೆಯೇ ಅಲ್ಲಿಗೆ ಹೋಗುತ್ತದೆ. ಒಂದು ಊರಿನದು ಸುಟ್ಟರೆ ಇನ್ನೊಂದು ಊರಿನದು ಇರಲಿ ಅಂತ.

‘ಮನುಷ್ಯರು ಬೇಕೇ ಇಲ್ಲೇನು ಇದಕ್ಕೆ?’ ಅಂದೆ.

‘ಬ್ಯಾಡ ಅತ್ತೆ. ಮನುಷ್ಯರಾದ್ರೆ ಮರೀತಾರೆ’ ಅಂದವಳು ರುದ್ರೇಶನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಆ ಯಂತ್ರಗಳು ಮಾಡುತ್ತಿದ್ದುದನ್ನೇ ನಾನೂ ಅಕ್ಕನೂ ಮದುವೆಯಾಗಿ ಬೇರೆ ಬೇರೆ ಊರು ಸೇರಿದಾಗಿನಿಂದ ಮಾಡುತ್ತ ಬಂದಿದ್ದೆವು. ನಮ್ಮವ್ವ ಯಾವ ಹಬ್ಬಕ್ಕೆ ಏನು ಮಾಡುತ್ತಿದ್ದಳು, ನಮ್ಮಪ್ಪ ಯಾರ ಮೇಲೆ ಮುನಿದು ಯಾರ ಮನೆಯ ನೀರು ಮುಟ್ಟಲಿಲ್ಲ ಎಂಬುದೆಲ್ಲ ಅವಳಲ್ಲಿ ಒಂದು ಪ್ರತಿ, ನನ್ನಲ್ಲಿ ಒಂದು ಪ್ರತಿ. ಭೇಟಿಯಾದಾಗಲೆಲ್ಲ ಹೇಳಿದ್ದನ್ನೇ ಹೇಳುತ್ತೇವೆಂದು ಮನೆಯವರು ನಗುತ್ತಿದ್ದರು. ಅದು ಹರಟೆಯಲ್ಲ, ತಾಳೆ ನೋಡುವುದು ಎಂದು ನನಗೆ ತಿಳಿದದ್ದು ಒಂದು ಕಡೆಯ ಪ್ರತಿ ಅಳಿಸಿಹೋಗತೊಡಗಿದ ಮೇಲೆ.

ಇನ್ನು ಸೋಮವಾರದ ಮಾತು. ನಮ್ಮದು ಒಕ್ಕಲುತನದ ಮನೆತನ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲ ಪಾಲಿಗೆ ಹಾಕಿ ಪೇಟೆಗೆ ಬಂದು ಎಷ್ಟೋ ಕಾಲವಾಗಿದ್ದರೂ ಆ ದಿನ ದುಡಿಯುವ ಜೀವಕ್ಕೆ ಬಿಡುವು ಕೊಡಬೇಕೆಂಬುದು ನನ್ನ ಕೈಯಿಂದ ಹೋಗಿಲ್ಲ. ಹಗಲೆಲ್ಲ ಶೈಲಳಿಗೆ ದುಡಿದು ಬೆಳಗಿನ ಜಾವಕ್ಕೆ ಹರಿಹರಕ್ಕೂ ದುಡಿಯುವ ಯಂತ್ರ ಅದು. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಅದರ ಸ್ವಿಚ್ಚು ಆರಿಸುತ್ತಿದ್ದೆ. ಇಡೀ ದಿನ ಬಿಟ್ಟರೆ ಶೈಲಳ ದುಡಿಮೆ ನಿಲ್ಲುತ್ತದೆ, ಅದಕ್ಕೆ ಸೋಮವಾರ ಪೂಜೆ ಮುಗಿಸಿ, ಶೈಲ ಮಕ್ಕಳನ್ನು ಶಾಲೆಗೆ ಕಳಿಸಿ ಬರುವುದರೊಳಗೆ ಹಾಕುತ್ತಿದ್ದೆ. ಐದಕ್ಕೆ ಫೋನು ಬಡಕೊಳ್ಳುತ್ತಿತ್ತು. ನಾನು ಎತ್ತುತ್ತಿರಲಿಲ್ಲ, ಎತ್ತಿದರೆ ಆ ಕಡೆಯದು ಕಿವಿಯೊಳಗೆ ಕೀರುತ್ತದೆ. ವಾರದ ಲೆಕ್ಕ ಹಿಡಿಯದೆ, ಆಗೀಗ ಲೈನು ಕೆಡುತ್ತದೆ ಎಂದು ಅವರಿಬ್ಬರೂ ಅಂದುಕೊಂಡಿದ್ದರು. ಉಳಿದದ್ದು ಮಂಗಳವಾರ ಸೇರಿಕೊಂಡು ಬರುತ್ತಿತ್ತು.

ಅಂಥದೇ ಒಂದು ಸೋಮವಾರ, ನಾನಿನ್ನೂ ಪೂಜೆಗೆ ಕೂತಿರುವಾಗಲೇ ರುದ್ರೇಶ ಮೊದಲ ಬಸ್ಸಿಗೆ ಬಂದಿಳಿದ. ಚಪ್ಪಲಿ ಬಿಡದೆ ಹೊರಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

‘ಚಿಗವ್ವ, ಗಿರಿಜಕ್ಕನ್ನ ಅಳಿಸಿಬಿಟ್ಟೆ’ ಅಂದ.

ಗಿರಿಜಿ ಅಕ್ಕನ ಮೊದಲ ಮಗಳು. ಬಟ್ಟೆ ಒಗೆಯಲು ಹೋದ ಅಕ್ಕನ ಹಿಂದೆ ಓಡಿಹೋದ ಕೂಸನ್ನು ಹೊಳೆ ಒಯ್ದಿತ್ತು. ರುದ್ರೇಶ ಆಮೇಲೆ ಹುಟ್ಟಿದವನು, ಅವಳ ಮುಖ ಕಂಡಿಲ್ಲ. ಫೋಟೋ ತೆಗೆಸುವ ಕಾಲವೂ ಅದಲ್ಲ. ಆ ದಿನವನ್ನು ಅಕ್ಕ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ನನ್ನ ಮುಂದೆಯೂ. ಮರೆವು ಹತ್ತಿದ ಮೇಲೆ ಒಂದೇ ಒಂದು ಸಲ, ಮಗನ ಮುಂದೆ ಹೇಳಿದ್ದಳು.

ಟೈಪು ಮಾಡಿದ್ದನ್ನು ಅವನು ತಾಯಿಗೆ ಓದಿ ಹೇಳುವುದಿತ್ತು. ಗಿರಿಜಿಯ ಪುಟ ಬಂದಾಗಲೆಲ್ಲ ಅವಳಿಗೆ ಅದು ಆಗಷ್ಟೇ ಬಂದ ಸುದ್ದಿ. ಪ್ರತಿ ಸಲವೂ ಎದೆ ಬಡಿದುಕೊಂಡು ಅಳುವಳು, ಮಾರನೆಯ ದಿನ ಮತ್ತೆ ಗಿರಿಜಿ ಎಲ್ಲಿ ಅನ್ನುವಳು. ಆ ಭಾನುವಾರ ತಾನಾಗಿಯೇ, ‘ಗಿರಿಜಿನ ರಾಣೆಬೆನ್ನೂರಿಗೆ ಕೊಟ್ಟೀವಲ್ಲೋ, ಎರಡು ಮಕ್ಕಳದಾವೆ’ ಅಂದಳಂತೆ. ಇವನು ಹೊಳೆಯ ಪುಟ ತೆಗೆದುಹಾಕಿ ಅಲ್ಲಿ ರಾಣೆಬೆನ್ನೂರು ಬರೆದ. ಬೆಳಕು ಹರಿದಾಗ ಮಾಡಿದ್ದೇನೆಂದು ತಿಳಿಯಿತು.

‘ಐದು ಗಂಟೆ ದಾಟಿತ್ತು ಚಿಗವ್ವ. ಇಲ್ಲಿದ್ದುದರ ಮೇಲೂ ಬಂದು ಕೂತಿರುತ್ತೆ. ನೋಡೋಕೆ ಧೈರ್ಯ ಬರಲಿಲ್ಲ.’

ಶೈಲ ಒದ್ದೆ ಕೈಯಲ್ಲೇ ಓಡಿಬಂದು ಗವಸು ಎತ್ತಿದಳು. ‘ಆಫ್ ಆಗೈತೆ. ಯಾರು ಆರಿಸಿದ್ದು?’

‘ನಾನೇ. ಇವತ್ತು ಸೋಮವಾರ ಅಲ್ಲೇನು.’

‘ಇದೇನು ಎತ್ತೇನ್ರಿ ಅತ್ತೆ’ ಅಂದಳು; ಅಂದು ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಫೋನಿನ ವೈರು ಕಿತ್ತು ಪಕ್ಕಕ್ಕಿಟ್ಟು ಯಂತ್ರ ಹಾಕಿದಳು. ಪುಟ ಇತ್ತು. ಅವಳೇ ಓದಿದಳು: ‘ಒಂದು ಜಡಿ ಹೆಣೆದಿದ್ದೆ, ಇನ್ನೊಂದು ಹೆಣೆಸಿಕೊಳ್ಳದೇ ಓಡಿಬಂದಿತ್ತು, ಅರ್ಧ ಕೂದಲು ಬಿಚ್ಚಿಕೊಂಡು.’ ಅಷ್ಟು ಕೇಳಿ ರುದ್ರೇಶ ಸಾಕು ಎಂದು ಕೈ ಎತ್ತಿದ.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಅದೇ ಸೋಮವಾರ ಅಲ್ಲಿಯ ಯಂತ್ರ ಸುಟ್ಟು ಹಿಂದಿನ ದಿನದ ಮಾತೆಲ್ಲ ಹೋಗಿದ್ದರೆ ಅವರು ನನ್ನನ್ನು ಬೈಯುತ್ತಿದ್ದರು, ಬೈದದ್ದು ಸರಿಯೂ ಆಗಿರುತ್ತಿತ್ತು. ಆದರೆ ಆವತ್ತಿನಿಂದ ನನಗೊಂದು ಯೋಚನೆ ಹತ್ತಿದೆ, ನೀವೂ ಯೋಚಿಸಿ ನೋಡಿ: ಹೊಸದು ಬಂದು ಹಳೆಯದರ ಮೇಲೆ ಕೂಡುವುದೇ ನೇಮವಾದರೆ, ನೆನಪನ್ನು ಒಯ್ಯುವ ದಾರಿಯಲ್ಲೇ ಮರೆವೂ ಅಷ್ಟೇ ನಿಷ್ಠೆಯಿಂದ ಊರಿಂದೂರಿಗೆ ಬರುತ್ತದೆ, ಬಂದದ್ದು ಯಾವುದೆಂದು ಕೇಳುವವರು ನಡುವೆ ಯಾರೂ ಇರುವುದಿಲ್ಲ. ಶೈಲ ಅದನ್ನು ಸರಿ ಮಾಡಿದಳು. ಈಗ ಹಳೆಯದು ಅಳಿಯುವುದಿಲ್ಲ, ಪಕ್ಕಕ್ಕೆ ಸರಿದು ಕೂಡುತ್ತದೆ. ಗಿರಿಜಿಯ ಪುಟವನ್ನು ಹರಿಹರಕ್ಕೆ ಕಳಿಸಲೇನು ಎಂದು ಅವಳು ಕೇಳಿದಾಗ ರುದ್ರೇಶ ತಲೆ ಅಲ್ಲಾಡಿಸಿದ.

‘ಬ್ಯಾಡ. ಇಲ್ಲೇ ಇರ್ಲಿ. ಅಲ್ಲಿದ್ರೆ ಒಂದಿನ ಮರೆತು ಮತ್ತೆ ಅವ್ವಗೆ ಓದಿಬಿಡ್ತೀನಿ.’

ಹೀಗೆ ಒಂದೇ ಇರಲಿ ಎಂದು ಜೋಡಿಸಿದ ಎರಡು ಯಂತ್ರಗಳು ಈಗ ಬೇರೆ ಬೇರೆ. ದಾವಣಗೆರೆಯದರಲ್ಲಿ ಕೂಸು ಹೊಳೆಗೆ ಹೋಗಿದೆ, ಹರಿಹರದ್ದರಲ್ಲಿ ರಾಣೆಬೆನ್ನೂರಿನ ಸೊಸೆಯಾಗಿದೆ. ನಿಜ ಒಂದೇ, ಅದು ನನಗೆ ಗೊತ್ತು. ನಿಜವನ್ನು ಯಾರ ಮನೆಯಲ್ಲಿ ಇಡಬೇಕೆಂಬುದು ಬೇರೆ ಮಾತು.

ಮುಂದಿನ ವಾರ ಅಕ್ಕನನ್ನು ನೋಡಲು ಹೋದೆ. ನನ್ನ ಗುರುತು ಇನ್ನೂ ಇತ್ತು. ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಕೊಡುತ್ತಿದ್ದೆ. ಬಾಯಿಯ ತನಕ ಒಯ್ದದ್ದನ್ನು ನಿಲ್ಲಿಸಿ ಕೇಳಿದಳು:

‘ಗಿರಿಜಿ ರಾಣೆಬೆನ್ನೂರಾಗ ಚೆಂದಾಗಿದಾಳೇನೇ?’

ಬಾಗಿಲಲ್ಲಿ ರುದ್ರೇಶ ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ.

‘ಚೆಂದಾಗಿದಾಳೆ’ ಅಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ‘ಇವನೂ ಹಂಗೇ ಅಂತಾನೆ. ಸಮಾಧಾನಕ್ಕೆ ಅಂತಾನೇನೋ ಅನ್ನಿಸ್ತಿತ್ತು. ನೀನು ಸುಳ್ಳು ಹೇಳೋಳಲ್ಲ ಬಿಡು’ ಅಂದು, ರೊಟ್ಟಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು.