ದಪ್ಪ ಪಿಕ್ಕರು ನಂಬದ ಮೇಸ್ತ್ರಿ

ಎಡ ಹುಬ್ಬನ್ನು ಎರಡಾಗಿ ಸೀಳಿದ ಗೀರೊಂದಿತ್ತು ನಮ್ಮ ಮಗ್ಗದ ಮೇಸ್ತ್ರಿಗೆ. ಹರೆಯದಲ್ಲಿ, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಸಿಡಿದು ಆದ ಗಾಯ. ಅಂದಿನಿಂದ ಅವರು ಯಾವ ಬಿಡಿಭಾಗವನ್ನೂ ಸುಮ್ಮನೆ ನಂಬಿದವರಲ್ಲ. ಬೆಳಕಿಗೆ ಹಿಡಿಯುವರು, ಉಗುರಿನಿಂದ ಕೆರೆಯುವರು, ಮೂಸಿಯೂ ನೋಡುವರು. ರಬಕವಿಯ ನಮ್ಮ ಮನೆಯ ನಾಲ್ಕು ಪವರ್‌ಲೂಮುಗಳ ರಿಪೇರಿ ಅವರದೇ.

ಒಮ್ಮೆ ನಾನು ಹೊಸ ಪಿಕ್ಕರು ತರಿಸಿದೆ. ಲಾಳಿಗೆ ಪೆಟ್ಟು ಕೊಟ್ಟು ಆಚೆಗೆ ಓಡಿಸುವ ಪ್ಲಾಸ್ಟಿಕ್ ತುಂಡು ಅದು. ಎರಡು ಥರದ ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು, ಹಳೆಯದರ ಎರಡರಷ್ಟು ದಪ್ಪ. ಮೇಸ್ತ್ರಿ ಮೂಸಿ ನೋಡಿ ಮುಖ ಸಿಂಡರಿಸಿದರು.

“ಇದು ಬ್ಯಾಡ ತಂಗಿ.”

“ದಪ್ಪ ಐತಲ್ಲ ಕಾಕಾ, ಗಟ್ಟಿ ಇರ್ತೈತಿ.”

ಅವರು ಒಂದು ಪಿಕ್ಕರನ್ನು ಗರಗಸದಿಂದ ಕೊಯ್ದು ತೆಳ್ಳನೆಯದೊಂದು, ದಪ್ಪನೆಯದೊಂದು ತುಂಡು ಮಾಡಿದರು. ಎರಡರ ಅಂಚಿಗೂ ಸಣ್ಣ ಕಚ್ಚು ಹಾಕಿ, ವೈಸ್‌ನಲ್ಲಿ ಬಿಗಿದು ಸುತ್ತಿಗೆಯಿಂದ ಹೊಡೆದರು. ತೆಳ್ಳನೆಯದು ಬಾಗಿತು, ಕಚ್ಚಿನ ಸುತ್ತ ಬೆಳ್ಳಗಾಯಿತು, ಆಮೇಲೆ ಮೆಲ್ಲಗೆ ಹರಿಯಿತು. ದಪ್ಪನೆಯದು ಟಕ್ಕೆಂದು ಎರಡಾಯಿತು.

“ಮಾಲು ಒಂದ. ತೆಳ್ಳಂದು ಹರಿಯೂ ಮೊದಲ ಬಾಗಿ ತೋರಸ್ತೈತಿ. ದಪ್ಪಂದಕ್ಕ ಒಳಗ ಬಾಗಾಕ ಆಗೂದಿಲ್ಲ. ಸಣ್ಣ ಬಿರುಕು ಬಿದ್ರ ಸಾಕು, ಹೇಳದ ಕೇಳದ ಒಡೀತೈತಿ.”

ನನಗೆ ಅವರ ಮೇಲೆಯೇ ಗುಮಾನಿ. ದಪ್ಪನೆಯದಕ್ಕೆ ಕಚ್ಚನ್ನು ಆಳವಾಗಿ ಹಾಕಿದರೇ? ಹಳೆಯ ಥರದ ಪಿಕ್ಕರು ಮಾರುವ ಅಂಗಡಿಯವನ ಜೊತೆ ಏನಾದರೂ ಒಳಒಪ್ಪಂದವೇ? ಪಿಕ್ಕರು ಬಾಳಿಕೆ ಬಂದರೆ ಇವರನ್ನು ಕರೆಯುವವರು ಯಾರು? ಮರುದಿನ ನಾನೇ ಪಾನಾ ಹಿಡಿದು ನಟ್ಟು ಬಿಚ್ಚಿ, ದಪ್ಪ ಪಿಕ್ಕರುಗಳನ್ನು ಮಗ್ಗಗಳಿಗೆ ಕೂಡಿಸಿದೆ.

ಸಂಜೆ ಬಂದ ಮೇಸ್ತ್ರಿ ನೋಡಿದರು. ಬೈಯಲಿಲ್ಲ. ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ನಮ್ಮ ಅತ್ತೆಯ ಬಳಿ ಹೋಗಿ, “ಯವ್ವಾ, ಲಾಳಿ ಓಡೂ ನೇರಕ್ಕ ಕುಂದರಬ್ಯಾಡ. ಕಂಬದ ಹಿಂದ ನಡಿ” ಎಂದು ರಾಟಿಯನ್ನು ತಾವೇ ಎತ್ತಿಟ್ಟರು. ನನ್ನನ್ನು ಹೆದರಿಸಲು ಹೂಡಿದ ಆಟ ಅಂದುಕೊಂಡೆ.

ನಾಲ್ಕನೆಯ ದಿನ ಪಿಕ್ಕರು ಒಡೆಯಿತು. ದಾರಿ ತಪ್ಪಿದ ಲಾಳಿ ಹಾರಿ, ಅತ್ತೆ ಮೊದಲು ಕೂಡುತ್ತಿದ್ದ ಜಾಗದ ಹಿಂದಿನ ಗೋಡೆಯ ಗಿಲಾವು ಕಿತ್ತುಕೊಂಡು ಬಿತ್ತು. ಕಂಬದ ಹಿಂದಿನಿಂದ ಅತ್ತೆ, “ಏನಾತು ಬೇ?” ಎಂದರು. ನಾನು ಓಡಿ ಮಗ್ಗ ನಿಲ್ಲಿಸಿದೆ.

ಮೇಸ್ತ್ರಿಯ ಮನೆಗೆ ಹೋಗಿ ಎಲ್ಲ ಹೇಳಿದೆ, ಅವರ ಮೇಲೆ ಸಂಶಯಪಟ್ಟದ್ದನ್ನೂ.

“ಸಂಶೆ ಪಡೂದು ತಪ್ಪಲ್ಲ ತಂಗಿ,” ಎಂದರು. “ನನ್ನ ಮ್ಯಾಲ ಪಟ್ಟಷ್ಟು ಆ ಪಿಕ್ಕರಿನ ಮ್ಯಾಲೂ ಪಡಬೇಕಿತ್ತು.”

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ನಾನು ಮಗ್ಗ ನಿಲ್ಲಿಸಿ ಹೊರಬರುವಷ್ಟರಲ್ಲಿ, ಮೊಣಕಾಲು ನೋವಿನ ಅತ್ತೆ ಬರಿಗಾಲಲ್ಲಿ ಮೇಸ್ತ್ರಿಯ ಮನೆಯತ್ತ ಆಗಲೇ ಅರ್ಧ ಓಣಿ ದಾಟಿದ್ದರು.