ಅಂದಾನೆಪ್ಪ ವಕೀಲರ ಕಂಬಳಿ

ಕೊಪ್ಪಳದಲ್ಲಿ ಖೂನಿ ಖಟ್ಲೆ ಹಿಡಿಯುವ ಅಂದಾನೆಪ್ಪ ವಕೀಲರ ಬಳಿ ಹೋದರೆ, ಅವರು ಮೊದಲು ಕೇಳುವುದು ಕೊಂದದ್ದು ನಿಜವೋ ಸುಳ್ಳೋ ಎಂದಲ್ಲ, "ಹೊಸಾ ಕಂಬಳಿ ತಂದೀರೇನು?" ಎಂದು. ಕುಷ್ಟಗಿಯಿಂದಲೋ ಯಲಬುರ್ಗಿಯಿಂದಲೋ ಬುತ್ತಿ ಕಟ್ಟಿಕೊಂಡು ನಡೆದು ಬಂದವರು, "ವಕೀಲ್ರ ಮೈಗೆ ಎಷ್ಟ ಕಂಬಳಿ ಬೇಕೋ ಏನೋ" ಎಂದು ಹೊರಗೆ ಬಂದು ಗೊಣಗುತ್ತಾರೆ. ಅತ್ತರೆ ವಕೀಲರು ಗೋಡೆ ನೋಡುತ್ತಾರೆ. ಬಿಡುಗಡೆ ಆದೀತೇ ಎಂದರೆ ಎಲೆಗೆ ಸುಣ್ಣ ಸವರುತ್ತ "ನೋಡೂಣು" ಎನ್ನುತ್ತಾರೆ. ಅದರಾಚೆ ಒಂದು ಮಾತನ್ನು ಅವರಿಂದ ಯಾರೂ ಹೊರಡಿಸಿಲ್ಲ. ಅದೇ ಬಾಯಿ ಕಚೇರಿಯಲ್ಲಿ ನಿಜಾಮ ಸರ್ಕಾರದ ಉರ್ದುವಿನಲ್ಲಿ ಗಂಟೆಗಟ್ಟಲೆ ಹರಿಯುತ್ತದೆ. ಕಟಕಟೆಯಲ್ಲಿ ನಿಂತವನಿಗೆ ಅದರಲ್ಲಿ ತಿಳಿಯುವುದು ತನ್ನ ಹೆಸರೊಂದೇ. ತೀರ್ಪೂ ಉರ್ದುವಿನಲ್ಲೇ. ಮೊನ್ನೆ ಯಲಬುರ್ಗಿಯ ಓಬಳೆಪ್ಪನ ತೀರ್ಪು ಓದಿ ಮುಗಿದಾಗ, ಬಾಗಿಲಲ್ಲಿದ್ದ ಅವನ ತಾಯಿ ಪಕ್ಕೀರವ್ವ, "ಸಾಹೇಬ್ರು ಏನಂದ್ರರಿ? ಮನಿಗೆ ಕರಕೊಂಡು ಹೋಗಲೇನ್ರಿ?" ಎಂದಳು. ವಕೀಲರು ಅವಳತ್ತ ನೋಡಲಿಲ್ಲ. ಅವಳೇ ತಂದುಕೊಟ್ಟಿದ್ದ ಕಂಬಳಿಯ ಮಡಿಕೆ ಬಿಚ್ಚಿ ಮಗನ ಹೆಗಲಿಗೆ ಹೊದಿಸಿ, "ಜೇಲಿನ ನೆಲ ಭಾಳ ಥಂಡಿ ಇರತೈತಿ, ತಮ್ಮಾ" ಎಂದರು. ಬಿಡುಗಡೆಯಾದರೆ ಮಡಿಕೆ ಬಿಚ್ಚದೆ ಹಾಗೇ ಹಿಂದಕ್ಕೆ ಕೊಡುವುದು ಅವರ ರೂಢಿ. ಹತ್ತು ವರ್ಷದಿಂದ ಕಚೇರಿಯ ಬೇವಿನ ಮರದಡಿ ಕೂತು ಅರ್ಜಿ ಬರೆದುಕೊಡುವ ನಾನು, ಮಡಿಕೆ ಬಿಚ್ಚದ ಕಂಬಳಿ ಹೊತ್ತು ಊರಿಗೆ ಹೋದವರನ್ನು ಕಂಡದ್ದು ಎರಡೇ ಸಲ.